ಹಳೇ ಕಪ್ಪು 15 ಕ್ಲಾಸ್ ಹೊಲಿಗೆ ಮಷಿನ್: ಸೆಕೆಂಡ್ ಹ್ಯಾಂಡ್ ತಗೊಂಡು ರಿಪೇರಿ ಮಾಡಿದ್ಮೇಲೆ ಹೇಗಿದೆ

ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ನೇರ ಹೊಲಿಗೆ ಒಂದನ್ನೇ ಕೇಳೋದಾದ್ರೆ ಈ ಹಳೇ ಕಪ್ಪು ಕಬ್ಬಿಣದ ಮಷಿನ್ ಮುಂದೆ ನನ್ನ ಹತ್ರ ಇರೋ ಹೊಸ ಎಲೆಕ್ಟ್ರಾನಿಕ್ ಮಷಿನ್ ನಿಲ್ಲಲ್ಲ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮನೇಲಿ ಇರೋದು ಒಂದೇ ಮಷಿನ್ ಅಂತಾದ್ರೆ ಇದನ್ನ ತಗೋಬೇಡಿ. ಜಿಗ್‌ಜ್ಯಾಗ್ ಇಲ್ಲ, ಕಾಜಾ ಹಾಕೋಕೆ ಬೇರೆ ಅಟ್ಯಾಚ್‌ಮೆಂಟ್ ಹುಡುಕ್ಬೇಕು, ಟೀ ಶರ್ಟ್ ಥರ ಹಿಗ್ಗೋ ಬಟ್ಟೆಗೆ ಇದ್ರಲ್ಲಿ ಹೊಲಿದ್ರೆ ಮೈಗೆ ಹಾಕ್ಕೊಳ್ಳೋವಾಗ್ಲೇ ಟಪ್ ಅಂತ ದಾರ ಕಿತ್ಕೊಳ್ಳತ್ತೆ. ಎರಡನೇ ಮಷಿನ್ನಾಗಿ ತಗೊಳ್ಳೋರಿಗೆ ನನ್ನ ಲೆಕ್ಕದಲ್ಲಿ 5ಕ್ಕೆ 4. ಜೊತೆಗೆ ಅದನ್ನ ಕೂರಿಸೋಕೆ ಟೇಬಲ್ಲು, ಲೈಟು, ಇಸ್ತ್ರಿ ಜಾಗ ಎಲ್ಲಾ ಬದಲಾಯಿಸಿದ್ದೀನಿ, ಅದನ್ನೂ ಇಲ್ಲೇ ಸೇರಿಸಿ ಬರೀತಿದ್ದೀನಿ, ಯಾಕಂದ್ರೆ ಮಷಿನ್ ಎಷ್ಟೇ ಚೆನ್ನಾಗಿದ್ರೂ ಎತ್ತರ ಸರಿ ಇಲ್ದಿರೋ ಮೇಜಿನ ಮೇಲೆ ಕತ್ತಲೆ ಮೂಲೇಲಿ ಇಟ್ರೆ ಹೊಲಿಗೆ ಚೆನ್ನಾಗಿ ಬರಲ್ಲ.

15 ಕ್ಲಾಸ್ ಅಂದ್ರೆ ಸಿಂಗರ್‌ನೋರ ಒಂದು ಹಳೇ ಡಿಸೈನ್. ಮುಂದಿನ ತುದೀಲಿ, ಅಂದ್ರೆ ಸೂಜಿ ಇರೋ ಕಡೆ ಮುಖದ ತಗಡಿನ ಮೇಲೇ ಟೆನ್ಶನ್ (ಮೇಲಿನ ದಾರದ ಬಿಗಿ ಹೊಂದಿಸೋ ಭಾಗ) ಇರತ್ತೆ, ಕೆಳಗಿನ ದಾರ ಸುತ್ತಿದ ಬಾಬಿನ್ ಕೂರೋ ಬಾಬಿನ್ ಕೇಸು ಎಡಗಡೆಯಿಂದ ನಿಂತ್ಕೊಂಡ ಹಾಗೆ ಒಳಗೆ ಹೋಗತ್ತೆ, ಕೆಳಗಡೆ ದಾರ ಹಿಡಿಯೋ ಹುಕ್ ಪೂರ್ತಿ ಸುತ್ತಲ್ಲ, ಅರ್ಧ ಹೋಗಿ ವಾಪಸ್ ಬರತ್ತೆ. ಎರಡನೇ ಮಹಾಯುದ್ಧ ಆದ್ಮೇಲೆ ಜಪಾನ್‌ನಲ್ಲಿ ಇದೇ ಡಿಸೈನನ್ನ ರಾಶಿ ರಾಶಿ ಮಾಡಿ ನೂರಾರು ಹೆಸರಲ್ಲಿ ಮಾರಿದ್ರು, ಅದಕ್ಕೇ ಕೇಳದೇ ಇರೋ ಯಾವುದೋ ಹೆಸರು ಮೇಲೆ ಇದ್ರೂ ಗಾಬರಿ ಬೇಡ, ಒಳಗಡೆ ಅದೇ ಮಷಿನ್ನು. ಇದರಿಂದ ನಮಗೆ ಆಗಿರೋ ದೊಡ್ಡ ಲಾಭ ಸ್ಪೇರ್ ಪಾರ್ಟ್ಸು. ಬಾಬಿನ್ನು, ಬಾಬಿನ್ ಕೇಸು, ಟೆನ್ಶನ್ ಸ್ಪ್ರಿಂಗು, ಬಟ್ಟೆ ಒತ್ತಿ ಹಿಡಿಯೋ ಪ್ರೆಶರ್ ಫುಟ್ಟು ಎಲ್ಲಾ ಇವತ್ತಿಗೂ ಹೊಸದಾಗಿ ಸಿಗತ್ತೆ. ಸಿಂಗರ್‌ದೇ ಆದ್ರೆ ಬೆಡ್ಡಿನ (ಮಷಿನ್ನಿನ ಚಪ್ಪಟೆ ತಳದ) ಬಲಗಡೆ ಸೀರಿಯಲ್ ನಂಬರ್ ಕೆತ್ತಿರ್ತಾರೆ, ಅದನ್ನ ಸೀರಿಯಲ್ ಪಟ್ಟಿಗೆ ಹೋಲಿಸಿ ನೋಡಿದ್ರೆ ಯಾವ ಕಾಲದ್ದು ಅಂತ ಗೊತ್ತಾಗತ್ತೆ. ಮಾಡೆಲ್ ಹೆಸರಲ್ಲಿ 15ಕೆ, 201ಕೆ ಅಂತೆಲ್ಲ ಬರೋ ಆ ಕೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್‌ಬೋವಿ ಫ್ಯಾಕ್ಟರಿದು, ಆ ಫ್ಯಾಕ್ಟರಿ 1980ರಲ್ಲೇ ಮುಚ್ಚಿಹೋಯ್ತು, ಅಲ್ಲಿಂದ ಬಂದ ಮಷಿನ್‌ಗಳು ಮಾತ್ರ ಇನ್ನೂ ಓಡ್ತಾನೇ ಇವೆ.

ತಗೊಳ್ಳೋವಾಗ ಏನು ನೋಡ್ಬೇಕು ಅಂದ್ರೆ, ಹೊಳಪು ನೋಡ್ಬೇಡಿ. ಮಾರೋರು ಮೇಲ್ಗಡೆ ಪಾಲಿಶ್ ಹೊಡೆದು ಫೋಟೋ ಹಾಕಿರ್ತಾರೆ, ನನಗೆ ಸಿಕ್ಕಿದ್ದೂ ಅಂಥದ್ದೇ, "ಒಳ್ಳೇ ಕಂಡೀಶನ್, ರನ್ನಿಂಗ್" ಅಂತ ಕೊಟ್ರು, ಕೈ ಚಕ್ರ ತಿರುಗಿಸಿದ್ರೆ ಅಲ್ಲಾಡ್ಲಿಲ್ಲ. ಹಾಗಂತ ಬಿಟ್ಟು ಬರೋ ಅಗತ್ಯಾನೂ ಇರ್ಲಿಲ್ಲ, ಯಾಕಂದ್ರೆ ಬಿಗಿಯಾಗಿರೋದು ಬಹುಪಾಲು ಒಣಗಿದ ಎಣ್ಣೆಯಿಂದ, ತುಕ್ಕಿನಿಂದ ಅಲ್ಲ. ನಿಜವಾಗ್ಲೂ ಬಿಟ್ಟು ಬರ್ಬೇಕಾಗಿರೋದು ಎರಕದ ಕಬ್ಬಿಣದಲ್ಲಿ ಬಿರುಕು ಇದ್ರೆ, ಕೆಳಗಡೆ ಬಗ್ಗಿ ನೋಡಿದಾಗ ರಾಡುಗಳ ಮೇಲೆ ಹಕ್ಕಳೆ ಹಕ್ಕಳೆಯಾಗಿ ತುಕ್ಕು ಎದ್ದಿದ್ರೆ, ಇಲ್ಲಾ ಸ್ಕ್ರೂಗಳು ಕಾಣೆಯಾಗಿದ್ರೆ. ಸ್ಕ್ರೂ ತಾನೆ, ಯಾವುದಾದ್ರೂ ಹಾಕಿದ್ರಾಯ್ತು ಅನ್ಕೋಬೇಡಿ, ಸಿಂಗರ್‌ನೋರು ತಮ್ಮದೇ ಅಳತೆಯ ಮರೆ (ಸ್ಕ್ರೂ ಮೇಲಿನ ಸುತ್ತು ಗೆರೆ) ಇಟ್ಕೊಂಡಿದ್ರು, ಹಾರ್ಡ್‌ವೇರ್ ಅಂಗಡೀಲಿ ಸಿಗೋದು ಅದಕ್ಕೆ ಕೂರಲ್ಲ, ಬಲವಂತ ಮಾಡಿದ್ರೆ ಮರೆ ಹಾಳಾಗತ್ತೆ ಅಷ್ಟೇ. ಬಾಬಿನ್ ಕೇಸ್ ಇದ್ಯಾ ನೋಡಿ, ಆದ್ರೆ ಇಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಅದು ಸಿಗತ್ತೆ, ಬೆಲೆ ಇಳಿಸೋಕೆ ನಿಮಗೊಂದು ನೆಪ ಆಯ್ತು. ಹೊಸದು ತಗೊಳ್ಳೋವಾಗ ಮಾತ್ರ ಒಂದು ಗಮನ ಇರ್ಲಿ, ಕೇಸಿನ ಕೊಂಬು ಎರಡು ಥರ ಬರತ್ತೆ, ಒಂದ್ರಲ್ಲಿ ಗಡಿಯಾರದ 11ರ ಕಡೆ ತೋರಿಸತ್ತೆ, ಇನ್ನೊಂದ್ರಲ್ಲಿ 1ರ ಕಡೆ, ತಪ್ಪಾದ್ದು ತಂದ್ರೆ ಒಳಗೆ ಕೂರೋದೇ ಇಲ್ಲ.

ಇನ್ನು ಕ್ಲೀನಿಂಗ್. ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಮಷಿನ್ ಬದುಕೋದೂ ಸಾಯೋದೂ ಇಲ್ಲೇ.

ಎಣ್ಣೆ ಖಾಲಿಯಾಗಿದೆ ಅಂತ ಯಾರೋ ಯಾವಾಗ್ಲೋ ಅಡುಗೆ ಎಣ್ಣೆ ಬಿಟ್ಟಿರ್ತಾರೆ, ಅದು ವರ್ಷಗಟ್ಲೆ ಗಾಳಿಗೆ ಸಿಕ್ಕಿ ಕಂದು ಬಣ್ಣದ ವಾರ್ನಿಶ್ ಆಗಿ ಎಲ್ಲಾ ಕೀಲಿನಲ್ಲೂ ಗಟ್ಟಿಯಾಗಿ ಕೂತಿರತ್ತೆ. ಅದ್ರ ಮೇಲೆ ಹೊಸ ಎಣ್ಣೆ ಬಿಟ್ರೆ ಏನೂ ಪ್ರಯೋಜನ ಇಲ್ಲ, ಮೊದ್ಲು ಹಳೇದನ್ನ ಕರಗಿಸಿ ಹೊರಗೆ ತೆಗೀಬೇಕು. ಸೀಮೆಎಣ್ಣೆ ಸಾಕು. ಪ್ರತಿ ಕೀಲಿಗೂ, ಪ್ರತಿ ಎಣ್ಣೆ ತೂತಿಗೂ ಎರಡೆರಡು ಹನಿ ಬಿಟ್ಟು ರಾತ್ರಿಯೆಲ್ಲಾ ಬಿಡಿ, ಬೆಳಿಗ್ಗೆ ಚಕ್ರ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ, ಎಲ್ಲಿ ಬರ್ತಿಲ್ವೋ ಅಲ್ಲಿಗೆ ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಕೊಡಿ, ಬಿಸಿಗೆ ಅಂಟು ಮೆತ್ತಗಾಗತ್ತೆ (ಸೀಮೆಎಣ್ಣೆ ಪೂರ್ತಿ ಆರಿದ್ಮೇಲೆ ಮಾತ್ರ, ಬೆಂಕಿ ಜೊತೆ ಆಟ ಬೇಡ, ಕಿಟಕಿನೂ ತೆಗೆದಿಟ್ಟಿರಿ). ಸುತ್ತಿಗೆ ತಗೋಬೇಡಿ ದಯವಿಟ್ಟು. ನನ್ನ ಮಷಿನ್ನಲ್ಲಿ ಸೂಜಿ ಬಾರ್ ಒಂದು ಸಿಕ್ಕಾಕೊಂಡಿತ್ತು, ಮುಖದ ತಗಡು ಬಿಚ್ಚಿ ಅಲ್ಲಿಗೇ ಬಿಸಿ ಕೊಟ್ಟಾಗ ಮೊದ್ಲು ಕೂದಲೆಳೆ ಅಷ್ಟು ಜರುಗ್ತು, ಆಮೇಲೆ ಕಂದು ಬಣ್ಣದ ಗಸಿ ಬಾರ್ ಉದ್ದಕ್ಕೂ ಇಳಿದು ಬಂತು, ಅದನ್ನ ಒರೆಸ್ತಾ ಒರೆಸ್ತಾ ಹೋದ ಹಾಗೆ ಚಕ್ರ ಒಂದೇ ಬೆರಳಲ್ಲಿ ತಿರುಗೋಕೆ ಶುರುವಾಯ್ತು. ಆಮೇಲೇ ಹೊಲಿಗೆ ಮಷಿನ್ ಎಣ್ಣೆ, ಅಂದ್ರೆ ಆ ತೆಳ್ಳಗಿನ ಬಿಳೀ ಎಣ್ಣೆ. ಡಬ್ಲ್ಯೂಡಿ-40 ಹೊಡೆದು ಸುಮ್ನಾಗೋರು ಇದ್ದಾರೆ, ಅದು ತುಕ್ಕು ಬಿಡಿಸೋಕೆ ಓಕೆ, ಆದ್ರೆ ಎಣ್ಣೆ ಬದಲು ಅದನ್ನೇ ನಂಬ್ಕೊಂಡು ಹೊಲಿಯೋಕೆ ಕೂತ್ರೆ ಸ್ವಲ್ಪ ದಿನಕ್ಕೇ ಮತ್ತೆ ಕೀಲು ಒಣಗತ್ತೆ.

ಸೂಜಿ ತಗಡು ಬಿಚ್ಚಿದ್ರೆ ಕೆಳಗೆ ಬಟ್ಟೆ ಎಳೆಯೋ ಹಲ್ಲುಗಳ ಸಂದಿಲಿ ಧೂಳು, ನೂಲಿನ ನಾರು ಎಲ್ಲಾ ಎಣ್ಣೆ ಜೊತೆ ಸೇರ್ಕೊಂಡು ಕಂಬಳಿ ತುಂಡಿನ ಥರ ಗಟ್ಟಿಯಾಗಿರತ್ತೆ, ಬ್ರಶ್‌ಗೆ ಬರಲ್ಲ, ಚಿಮಟ ಇಲ್ಲಾ ದಪ್ಪ ಸೂಜಿ ತಗೊಂಡು ಎಬ್ಬಿಸ್ಬೇಕು. "ಮಷಿನ್ ಬಟ್ಟೆ ಸರಿಯಾಗಿ ಎಳೀತಿಲ್ಲ" ಅನ್ನೋ ಕಂಪ್ಲೇಂಟಿನ ಮೂಲ ಎಷ್ಟೋ ಸಲ ಇದೇ, ಹಲ್ಲು ಮೇಲಕ್ಕೆ ಏಳೋಕೆ ಜಾಗಾನೇ ಇರಲ್ಲ. ಹಾಗೇ ಹುಕ್ ಇರೋ ಗೂಡನ್ನೂ ಬಿಚ್ಚಿ ನೋಡಿ, ಹಿಂದೆ ಯಾವುದೋ ಕಾಲದ ದಾರದ ತುಂಡು ಸುತ್ಕೊಂಡು ಕೂತಿರತ್ತೆ, ಅದೊಂದು ತೆಗೆದ್ರೆ ಕಟಕಟ ಸದ್ದು ನಿಂತೋಗತ್ತೆ. ಹುಕ್ಕಿನ ತುದಿ ಉಗುರಿನಿಂದ ಸವರಿ ನೋಡಿ, ಗೀಚಿದ ಹಾಗೆ ಅನಿಸಿದ್ರೆ ಅಲ್ಲೇ ದಾರ ಹರೀತಿರೋದು.

ಮೇಲಿನ ಬಂಗಾರದ ಚಿತ್ತಾರ ಇದ್ಯಲ್ಲ, ಅದಕ್ಕೆ ಸ್ಪಿರಿಟ್ಟು, ಅಮೋನಿಯಾ ಇರೋ ಕ್ಲೀನರ್ರು, ನೇಲ್ ಪಾಲಿಶ್ ರಿಮೂವರ್ರು ಏನೂ ಮುಟ್ಟಿಸ್ಬೇಡಿ. ಹಳೇ ಮಷಿನ್‌ಗಳ ಮೇಲೆ ಅರಗಿನ ಲೇಪ ಇರತ್ತೆ, ಸ್ಪಿರಿಟ್ ಬಿದ್ರೆ ಆ ಲೇಪ ಕರಗಿ ಬಂಗಾರ ಹೋಗಿ ಬೆಳ್ಳಿ ಬಣ್ಣ ಬರತ್ತೆ, ಮತ್ತೆ ವಾಪಸ್ ತರೋಕಾಗಲ್ಲ. ಹೊಲಿಗೆ ಎಣ್ಣೇನೇ ಹತ್ತಿಗೆ ಹಾಕಿ ಮೆಲ್ಲಗೆ ಉಜ್ಜಿದ್ರೆ ಸಾಕು, ಅದೂ ಮೊದ್ಲು ಹಿಂದುಗಡೆ ಯಾರಿಗೂ ಕಾಣದ ಮೂಲೇಲಿ ಟ್ರೈ ಮಾಡಿ. ಹೊಸದಾಗಿ ಬಣ್ಣ ಬಳಿಸೋ ಆಸೆ ಕೆಲವರಿಗೆ ಇರತ್ತೆ, ಅವರವರ ಇಷ್ಟ, ನನಗಂತೂ ಅಲ್ಲಲ್ಲಿ ಸವೆದಿರೋದೇ ಚೆಂದ.

ಕೈ ಚಕ್ರ ಬಿಚ್ಚಿ ಕ್ಲೀನ್ ಮಾಡಿದ್ರೆ ಒಳಗೆ ಮೂರು ಹಲ್ಲಿನ ಒಂದು ವಾಶರ್ ಇರತ್ತೆ, ಅದನ್ನ ವಾಪಸ್ ಹಾಕೋವಾಗ ಹೇಗಿತ್ತೋ ಹಾಗೇ ಹಾಕಿ. ಉಲ್ಟಾ ಹಾಕಿದ್ರೆ ಬಾಬಿನ್ ಸುತ್ತೋಕೆ ಅಂತ ನಟ್ ಸಡಿಲ ಮಾಡಿದ್ರೂ ಸೂಜಿ ನಿಲ್ಲಲ್ಲ, ಅಥವಾ ಬಿಗಿ ಮಾಡಿದ್ರೂ ಚಕ್ರ ಸುಮ್ನೆ ಸುತ್ತತ್ತೆ. ಅರ್ಧ ಸುತ್ತು ತಿರುಗಿಸಿ ಹಾಕಿದ್ರೆ ಸರಿ ಹೋಗತ್ತೆ. ಇಷ್ಟಕ್ಕೇ "ಕ್ಲಚ್ ಹೋಗಿದೆ" ಅಂತ ಮಷಿನ್ ಮಾರಿದೋರನ್ನ ನೋಡಿದ್ದೀನಿ.

ಟೆನ್ಶನ್ ವಿಷಯಕ್ಕೆ ಬರೋಣ. ಈ ಮಷಿನ್ ಬಗ್ಗೆ ಜನ ಬೈಯೋದೇ ಇದಕ್ಕೆ, ಕೆಳಗಡೆ ದಾರ ಗೂಡು ಕಟ್ಟತ್ತೆ ಅಂತ. ಗೂಡು ಕಟ್ಟೋದು ಕೆಳಗಡೆ, ಆದ್ರೆ ತಪ್ಪು ಮೇಲ್ಗಡೆ. ಮೇಲಿನ ದಾರ ಟೆನ್ಶನ್‌ನಲ್ಲಿರೋ ಎರಡು ಬಿಲ್ಲೆಗಳ ಮಧ್ಯೆ ಸರಿಯಾಗಿ ಕೂತಿಲ್ಲ ಅಂದ್ರೆ ಬಿಗಿನೇ ಇರಲ್ಲ, ಪೂರ್ತಿ ದಾರ ಕೆಳಗೆ ಸೋರಿ ಹೋಗತ್ತೆ. ಫುಟ್ ಮೇಲೆತ್ತಿ ದಾರ ಪೋಣಿಸ್ಬೇಕು, ಆಗ್ಲೇ ಬಿಲ್ಲೆಗಳು ಬಾಯಿ ಬಿಡೋದು. ಫುಟ್ ಇಳಿಸಿ ದಾರ ಎಳೆದ್ರೆ ತಡೆ ಸಿಗ್ಬೇಕು, ಎತ್ತಿ ಎಳೆದ್ರೆ ಸಲೀಸಾಗಿ ಬರ್ಬೇಕು, ಎರಡಕ್ಕೂ ವ್ಯತ್ಯಾಸ ಇಲ್ಲ ಅಂದ್ರೆ ಬಿಲ್ಲೆ ಮಧ್ಯೆ ಕಸ ಇದೆ ಅಂತ ಅರ್ಥ. ಪೂರ್ತಿ ಬಿಚ್ಚೋದಾದ್ರೆ ಒಂದೊಂದು ತುಂಡು ತೆಗೆದ ಹಾಗೂ ಮೊಬೈಲ್‌ನಲ್ಲಿ ಫೋಟೋ ಹೊಡ್ಕೊಳ್ಳಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ. ಬಿಲ್ಲೆಗಳ ಉಬ್ಬಿದ ಮುಖ ಒಂದಕ್ಕೊಂದು ಎದುರಾಗಿ ಬರ್ಬೇಕು. ಪಕ್ಕದಲ್ಲಿ ಒಂದು ಸಣ್ಣ ತಂತಿ ಸ್ಪ್ರಿಂಗ್ ದಾರನ ಎತ್ತಿ ಹಿಡೀತಾ ಇರತ್ತೆ ನೋಡಿ, ಸೂಜಿ ಇಳಿದು ಬಟ್ಟೆ ಮುಟ್ಟೋ ಹೊತ್ತಿಗೆ ಅದ್ರ ಆಟ ಮುಗಿದಿರ್ಬೇಕು. ಅದು ಬಗ್ಗಿದ್ರೆ ಇಲ್ಲಾ ಮುರಿದಿದ್ರೆ ಏನೇ ಬಿಗಿ ಮಾಡಿದ್ರೂ ಟೆನ್ಶನ್ ಕೂರಲ್ಲ, ಹೊಸದು ಹಾಕಿ.

ಬಾಬಿನ್ ಕೇಸಿಗೆ ಒಂದು ಸುಲಭದ ಪರೀಕ್ಷೆ ಇದೆ. ದಾರ ಹಿಡ್ಕೊಂಡು ಕೇಸನ್ನ ನೇತಾಡಿಸಿ, ಅದಾಗೇ ಇಳಿದು ಹೋಗ್ಬಾರ್ದು, ಕೈ ಸ್ವಲ್ಪ ಜಗ್ಗಿದ್ರೆ ಒಂದೆರಡು ಇಂಚು ಜಾರಿ ನಿಲ್ಬೇಕು. ಆಮೇಲೆ ಮೇಲೆ ಕೆಂಪು ದಾರ ಕೆಳಗೆ ನೀಲಿ ದಾರ ಹಾಕಿ ಹಳೇ ಬಟ್ಟೆ ಎರಡು ಪದರದ ಮೇಲೆ ಹೊಲಿದು ನೋಡಿ, ಮೇಲ್ಗಡೆ ನೀಲಿ ಚುಕ್ಕಿ ಕಂಡ್ರೆ ಮೇಲಿನ ಬಿಗಿ ಜಾಸ್ತಿ, ಕೆಳಗಡೆ ಕೆಂಪು ಕಂಡ್ರೆ ಕಮ್ಮಿ. ಎರಡೂ ಕಾಣದೆ ಗಂಟು ಬಟ್ಟೆ ಒಳಗೇ ಕೂತ್ರೆ, ಆಗ ಹೊಲಿಗೆ ನೋಡ್ಬೇಕು ನೀವು, ಅಳತೆ ಪಟ್ಟಿ ಇಟ್ಟು ಗೆರೆ ಎಳೆದ ಹಾಗಿರತ್ತೆ. ಜೀನ್ಸ್ ಅಂಚಿನ ದಪ್ಪ ಮಡಿಕೆ ಮೇಲೂ ನಂದು ಹೊಲಿಗೆ ಬಿಡದೆ ಹತ್ತಿ ಇಳೀತು, ಹೊಸ ಮಷಿನ್ ಅದೇ ಜಾಗದಲ್ಲಿ ನಿಂತು ಪೀ ಪೀ ಅಂತಿತ್ತು.

ಸೂಜಿ ಬಗ್ಗೆ ಒಂದೇ ಮಾತು. ಈ ಮಷಿನ್‌ಗೆ ಮಾಮೂಲಿ ಚಪ್ಪಟೆ ಬೆನ್ನಿನ ಮನೆ ಮಷಿನ್ ಸೂಜಿನೇ ಆಗತ್ತೆ, ಪ್ಯಾಕೆಟ್ ಮೇಲೆ 15×1 ಅಥವಾ 130/705 ಎಚ್ ಅಂತಿರತ್ತೆ. ಯಾವ ಕಡೆ ಮುಖ ಮಾಡಿ ಹಾಕೋದು ಅನ್ನೋ ಗೊಂದಲಕ್ಕೆ, ಸೂಜಿಗಿಂತ ಮುಂಚೆ ಬರೋ ಕೊನೇ ದಾರದ ಕೊಂಡಿ ಯಾವ ಕಡೆ ಇದ್ಯೋ ಆ ಕಡೆಯಿಂದ ದಾರ ಪೋಣಿಸ್ಬೇಕು, ಸೂಜಿಯ ಉದ್ದ ಗೆರೆ ಆ ಕಡೆಗೆ, ಚಪ್ಪಟೆ ಬೆನ್ನು ಅದ್ರ ಎದುರು ಕಡೆಗೆ. ತೆಳು ಬಟ್ಟೆಗೆ 70/10, ಶರ್ಟು ದಿಂಬಿನ ಕವರಿಗೆ 80/12 ಇಲ್ಲಾ 90/14, ಜೀನ್ಸಿಗೆ 100/16. ಮಷಿನ್ ಹೊಲಿಗೆ ಬಿಡ್ತಿದೆ ಅಂದ್ರೆ ಟೈಮಿಂಗ್ (ಸೂಜಿ, ಹುಕ್ ಎರಡರ ಹೊಂದಾಣಿಕೆ) ಹೋಗಿದೆ ಅನ್ನೋಕೆ ಮುಂಚೆ ಸೂಜಿ ಬದಲಾಯಿಸಿ ನೋಡಿ.

ಈಗ ಒಂದು ಸ್ಟಾರ್ ಕಿತ್ಕೊಂಡಿದ್ದು ಯಾಕೆ ಅಂತ ಹೇಳ್ಬೇಕು. ಮೋಟರ್. 15-91 ಅನ್ನೋ ಮಾಡೆಲ್‌ನಲ್ಲಿ ಮೋಟರ್ ಮೈಯೊಳಗೇ ಇದ್ದು ಗೇರ್ ಮೂಲಕ ನೇರವಾಗಿ ತಿರುಗಿಸತ್ತೆ, ಬೆಲ್ಟೇ ಇಲ್ಲ, ಅದು ಸಿಕ್ಕಿದೋರು ಅದೃಷ್ಟವಂತರು, ಆದ್ರೆ ಅದ್ರ ಹಳೇ ರಬ್ಬರ್ ವೈರು ಮುಟ್ಟಿದ್ರೆ ಪುಡಿ ಪುಡಿಯಾಗಿ ಉದುರತ್ತೆ, ಹಾಗಿದ್ರೆ ಪ್ಲಗ್ಗಿಗೆ ಹಾಕೋ ಮುಂಚೆ ಎಲೆಕ್ಟ್ರಿಕ್ ಕೆಲಸ ಗೊತ್ತಿರೋರ ಹತ್ರ ಹೊಸ ವೈರ್ ಹಾಕಿಸ್ಲೇಬೇಕು, ಆ ಮೋಟರ್‌ಗೆ ಎಣ್ಣೆನೂ ಬಿಡ್ಬಾರ್ದು, ಗ್ರೀಸ್ ಮಾತ್ರ. 110 ವೋಲ್ಟಿಂದಾ 220 ವೋಲ್ಟಿಂದಾ ಅಂತ ತಗಡಿನ ಮೇಲೆ ಬರೆದಿರತ್ತೆ, ಓದ್ಕೊಳ್ಳಿ. ನಂದು ಮೋಟರ್ ಇಲ್ದೇ ಇರೋದು, ಅದಕ್ಕೆ ಪಕ್ಕಕ್ಕೆ ಕಟ್ಟೋ ಸಣ್ಣ ಮೋಟರ್ ಕಿಟ್ ಒಂದು ತರಿಸಿದೆ, ಹೆಸರು ಬೇಡ. ಪೆಡಲ್ ಒತ್ತಿದ್ರೆ ಸುಮ್ನಿರತ್ತೆ, ಇನ್ನೊಂಚೂರು ಒತ್ತಿದ್ರೆ ಒಮ್ಮೆಗೇ ಓಟ ಕೀಳತ್ತೆ, ಮಧ್ಯದಲ್ಲಿ ಏನೂ ಇಲ್ಲ, ಮೂಲೆ ತಿರುಗಿಸೋ ಕಡೆ ಒಂದೊಂದೇ ಹೊಲಿಗೆ ಹಾಕೋಣ ಅಂದ್ರೆ ಸಾಧ್ಯಾನೇ ಇಲ್ಲ, ಪೆಡಲ್ ಬೇರೆ ಬಿಸಿಯಾಗ್ತಿತ್ತು. ವಾಪಸ್ ತಗೊಳ್ಳಲ್ಲ ಅಂದ್ರು. ಕೊನೆಗೆ ಅದನ್ನ ಬಿಚ್ಚಿ ಎತ್ತಿಟ್ಟು ತುಳಿಯೋ ಸ್ಟ್ಯಾಂಡಿಗೇ ಹಾಕ್ದೆ, ಈಗ ಅದೇ ಖುಷಿ, ಕಾಲು ನಿಲ್ಸಿದ್ರೆ ಸೂಜಿನೂ ನಿಲ್ಲತ್ತೆ. ತುಳಿಯೋಕೆ ಹೊಸಬರಾದ್ರೆ ದಾರ ಹಾಕದೆ ಒಂದು ಪೇಪರ್ ಇಟ್ಕೊಂಡು ಅಭ್ಯಾಸ ಮಾಡಿ, ಚಕ್ರ ಯಾವಾಗ್ಲೂ ನಿಮ್ಮ ಕಡೆಗೇ ತಿರುಗ್ಬೇಕು, ಉಲ್ಟಾ ಹೋದ್ರೆ ದಾರ ಸಿಕ್ಕಾಕೊಳ್ಳತ್ತೆ. ಚರ್ಮದ ಬೆಲ್ಟ್ ಜಾರದೇ ಇರೋಷ್ಟು ಬಿಗಿ ಇದ್ರೆ ಸಾಕು, ತುಂಬಾ ಬಿಗಿ ಮಾಡಿದ್ರೆ ತುಳಿಯೋದು ಭಾರ ಆಗತ್ತೆ.

ಟೇಬಲ್ಲಿಗೆ ಬರ್ತೀನಿ. ಮಷಿನ್ನನ್ನ ಊಟದ ಮೇಜಿನ ಮೇಲೆ ಇಟ್ಟು ಹೊಲಿಯೋರೆಲ್ಲರಿಗೂ ಭುಜ ನೋವು ಬರತ್ತೆ, ಕಾರಣ ಸಿಂಪಲ್ಲು, ಮೇಜು ಮೊದ್ಲೇ 28ರಿಂದ 30 ಇಂಚು, ಅದ್ರ ಮೇಲೆ ಮಷಿನ್ ಬೆಡ್ ಎತ್ತರ ಬೇರೆ ಸೇರತ್ತೆ. ಬೆಡ್ಡು ಮೇಜಿನ ಮಟ್ಟಕ್ಕೇ ಇಳಿದು ಕೂತ್ರೆ ಮೊಣಕೈ ನೇರವಾಗಿ ನಿಲ್ಲತ್ತೆ, ಬಟ್ಟೆನೂ ಜಾರಿ ಕೆಳಗೆ ಎಳೆಯಲ್ಲ, ಪರದೆ ಥರ ದೊಡ್ಡದು ಹೊಲಿಯೋವಾಗ ಇದ್ರ ಬೆಲೆ ಗೊತ್ತಾಗತ್ತೆ. ಫುಲ್ ಸೈಜ್ ಬೆಡ್ ಸುಮಾರು 14.5 ಇಂಚು ಉದ್ದ 7 ಇಂಚು ಅಗಲ ಇರತ್ತೆ, ಹಳೇ ಸ್ಟ್ಯಾಂಡುಗಳ ತೂತೂ ಇದೇ ಅಳತೆಗೆ ಇರೋದ್ರಿಂದ ಒಂದರ ತಲೆ (ಸ್ಟ್ಯಾಂಡ್ ಬಿಟ್ಟು ಮೇಲಿನ ಮಷಿನ್) ಇನ್ನೊಂದರ ಸ್ಟ್ಯಾಂಡಿಗೆ ಕೂರತ್ತೆ. ಸಿಂಗರ್ 99 ಥರದ ಸಣ್ಣ ಮಷಿನ್‌ಗಳದ್ದು ಬೇರೆ ಅಳತೆ, ಸುಮಾರು 12.25ಕ್ಕೆ 6.5, ಅದು ಇದಕ್ಕೆ ಬರಲ್ಲ. ತಲೆ ಕೂರಿಸಿದ್ಮೇಲೆ ಹಿಂದಿನ ಎರಡು ಹಿಂಜ್ ಪಿನ್ನಿನ ಸ್ಕ್ರೂ ಬಿಗಿಯಾಗಿದ್ಯಾ ಅಂತ ಖಂಡಿತ ನೋಡಿ, ಎಣ್ಣೆ ಬಿಡೋಕೆ ಹಿಂದಕ್ಕೆ ವಾಲಿಸಿದಾಗ ಆ ಪಿನ್ನೇ ಅಷ್ಟೂ ಭಾರ ಹೊರೋದು, ಸಡಿಲ ಇದ್ರೆ ಆ ಕಬ್ಬಿಣದ ತಲೆ ಸೀದಾ ಕಾಲ ಮೇಲೆ.

ಲೈಟಿಗೆ ಜಾಸ್ತಿ ಖರ್ಚು ಮಾಡ್ಬೇಡಿ, ಆಯಸ್ಕಾಂತದ ಬುಡ ಇರೋ ಬಗ್ಗೋ ಕತ್ತಿನ ಎಲ್ಇಡಿ ಲ್ಯಾಂಪ್ ಸಾಕು, ಮೈ ಕಬ್ಬಿಣ ಆಗಿರೋದ್ರಿಂದ ಎಲ್ಲಿ ಬೇಕೋ ಅಲ್ಲಿ ಅಂಟತ್ತೆ, ಅಲ್ಯೂಮಿನಿಯಂ ಮಷಿನ್‌ಗೆ ಈ ಭಾಗ್ಯ ಇಲ್ಲ. ಹಳೇ ಮಷಿನ್ನಿನ 15 ವ್ಯಾಟ್ ಬಲ್ಬು ಹಣೆ ಹತ್ರಾನೇ ಉರೀತಾ ಇರತ್ತೆ, ಮುಟ್ಟಿದ್ರೆ ಕೈ ಸುಡತ್ತೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿಯೋರಿಗೆ ಸೂಜಿ ಎಡಗಡೆಯಿಂದ ಬೆಳಕು ಬೀಳೋ ಹಾಗೆ ಇಟ್ಕೊಂಡ್ರೆ ನೆರಳು ಕಾಟ ಕೊಡಲ್ಲ. ಹಳೇ ಸೂಜಿ ತಗಡಿನ ಮೇಲೆ ಅಂಚಿನ ಗೆರೆ ಇರಲ್ಲ, ಸೂಜಿಯಿಂದ ಒಂದೂವರೆ ಸೆಂಟಿಮೀಟರ್ ಅಳೆದು ಬಣ್ಣದ ಟೇಪ್ ಅಂಟಿಸ್ಕೊಳ್ಳಿ.

ಇಸ್ತ್ರಿ ಬೋರ್ಡನ್ನ ಮಷಿನ್ ಪಕ್ಕಕ್ಕೇ ಕೂತ ಎತ್ತರಕ್ಕೆ ಇಳಿಸಿ ಇಟ್ಟಿದ್ದೀನಿ, ಚಕ್ರದ ಕುರ್ಚಿ ತಿರುಗಿಸಿದ್ರೆ ಆಯ್ತು, ಪ್ರತಿ ಹೊಲಿಗೆ ಆದ್ಮೇಲೂ ಒತ್ತೋಕೆ ಬೇಜಾರಾಗಲ್ಲ. ಆದ್ರೆ ಇಸ್ತ್ರಿ ಪೆಟ್ಟಿಗೆ ಮಷಿನ್ ಇರೋ ಎಕ್ಸ್‌ಟೆನ್ಶನ್ ಬಾಕ್ಸಿಗೇ ಹಾಕ್ಬೇಡಿ, ಗೋಡೆ ಸಾಕೆಟ್ಟಿಗೆ ಹಾಕಿ. ಕತ್ತರಿಸೋ ಮೇಜು ಮಾತ್ರ ಎತ್ತರ ಇರ್ಲಿ, 36 ಇಂಚು ಆಸುಪಾಸು, ನಿಂತ್ಕೊಂಡು ಕತ್ತರಿಸೋದಲ್ವಾ. ಹಳೇ ಮಷಿನ್ ಜೊತೆ ಡಬ್ಬದಲ್ಲಿ ಬರೋ ಹಳೇ ದಾರದ ಉಂಡೆಗಳು ನೋಡೋಕೆ ಚೆಂದ, ಒಂದು ಅಡಿ ಎಳೆದು ಜಗ್ಗಿ ನೋಡಿ, ಪಟ್ ಅಂತ ತುಂಡಾದ್ರೆ ಗಾಜಿನ ಬಾಟಲಿಗೆ ಹಾಕಿ ಶೋಗೆ ಇಡಿ, ಹೊಲಿಯೋಕೆ ಬೇಡ. ಬಾಬಿನ್‌ಗಳನ್ನೂ ಬೇರೆ ಬೇರೆ ಡಬ್ಬೀಲಿ ಇಡಿ, 15ರದ್ದು ಮುಖ ಚಪ್ಪಟೆ, ಸಿಂಗರ್ 66 ಮಾಡೆಲ್ಲಿದ್ದು ಸ್ವಲ್ಪ ಉಬ್ಬು, ಒಂದರದ್ದು ಇನ್ನೊಂದಕ್ಕೆ ಹಾಕಿ ಮಷಿನ್ ಕೆಟ್ಟೋಯ್ತು ಅಂತ ಅಂದ್ಕೊಳ್ಳೋರು ಬೇಕಾದಷ್ಟು ಜನ.

ಯಾರಿಗೆ ಬೇಡ? ಮಷಿನ್ ಎತ್ತಿ ಕ್ಲಾಸಿಗೆ ತಗೊಂಡು ಹೋಗೋರಿಗೆ ಬೇಡ, ತಲೆ ಒಂದೇ ಸುಮಾರು 15 ಕೆಜಿ. ನಿಟ್ ಬಟ್ಟೆ, ಅಂದ್ರೆ ಟೀ ಶರ್ಟ್ ಥರ ಹಿಗ್ಗೋದು ಜಾಸ್ತಿ ಹೊಲಿಯೋರಿಗೆ ಬೇಡ. ಕೈ ಎಣ್ಣೆ ಆಗೋದು ಇಷ್ಟ ಇಲ್ದೋರಿಗೂ ಬೇಡ, ಯಾಕಂದ್ರೆ ದಿನಾ ಹೊಲಿಯೋದಾದ್ರೆ ದಿನಾ ಒಂದೊಂದು ಹನಿ ಬಿಡ್ಲೇಬೇಕು, ಬಿಟ್ಟ ಮೇಲೆ ಮೊದ್ಲು ಚಿಂದಿ ಬಟ್ಟೆ ಮೇಲೆ ಓಡಿಸ್ಬೇಕು. ಇನ್ನು ಜಿಗ್‌ಜ್ಯಾಗ್ ಬೇಕು, ಹಳೇದೇ ಬೇಕು ಅನ್ನೋರು 1960ರ ದಶಕದಿಂದೀಚೆಗಿನದ್ದು ಹುಡುಕೋವಾಗ ಒಳಗೆ ನೈಲಾನ್ ಗೇರ್ ಇದ್ಯಾ ನೋಡ್ಕೊಳ್ಳಿ, ಕೆಲವು ಮಾಡೆಲ್‌ಗಳಲ್ಲಿ ಅದು ವಯಸ್ಸಿಗೆ ಸೀಳಿ ಹೋಗಿರತ್ತೆ, ಹೊಸ ಗೇರ್ ಹಾಕಿ ಟೈಮಿಂಗ್ ಕೂರಿಸೋದು ಈ ಕಪ್ಪು ಮಷಿನ್ ರಿಪೇರಿಯಷ್ಟು ಸುಲಭ ಅಲ್ಲ. ಅಂಥದ್ದು ಎಷ್ಟು ಅಗ್ಗಕ್ಕೆ ಸಿಕ್ಕಿದ್ರೂ ಗೇರ್ ಸಿಗತ್ತಾ ಅಂತ ವಿಚಾರಿಸ್ಕೊಂಡೇ ದುಡ್ಡು ಕೊಡಿ.